ಔಷಧದ ಚೀಟಿಯ ಹಣ ಯಾರು ಕೊಡಬೇಕು?

ದಯಾಳು ಸಮಾರಿಯದವನ ಸಾಮತಿಯನ್ನು ಅರಿಯದ ಕಥೋಲಿಕ ಕುಟುಂಬ ಇರಲಾರದು. ಜೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದವನ ಗಾಯಗಳಿಗೆ ಎಣ್ಣೆ ಹಾಗೂ ದ್ರಾಕ್ಷಾರಸವನ್ನು ಹಚ್ಚಿ, ಬಟ್ಟೆ ಕಟ್ಟಿ, ಛತ್ರಕ್ಕೆ ಕರೆದೊಯ್ದ ಆ ಪರದೇಶಿಯನ್ನು ನಾವು ಪ್ರವಚನಗಳಲ್ಲಿ ಪದೇ ಪದೇ ನೆನೆಯುತ್ತೇವೆ. ಆದರೆ ಸಾಮತಿಯ ಕೊನೆಯ ಭಾಗ ನಮ್ಮ ಗಮನದಿಂದ ಜಾರಿಹೋಗುತ್ತದೆ. ಮರುದಿನ ಆತನು ಛತ್ರದವನ ಕೈಗೆ ಎರಡು ದಿನಾರಿ ನಾಣ್ಯಗಳನ್ನು ಕೊಟ್ಟು, ಆರೈಕೆ ಮುಂದುವರಿಯಲಿ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆಂದು ಮಾತು ಕೊಡುತ್ತಾನೆ. ಆ ಕಾಲದಲ್ಲಿ ಒಂದು ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಎರಡು ದಿನದ ಸಂಬಳವನ್ನು ಇನ್ನೊಬ್ಬನ ಮದ್ದಿಗೆ ಕೊಟ್ಟದ್ದಲ್ಲದೆ ಮುಂದಿನ ಲೆಕ್ಕಕ್ಕೂ ಆತನು ಹೊಣೆಯಾದನು.

ನಮ್ಮ ಊರುಗಳಲ್ಲಿ ಮೊದಲ ದಿನದ ಕರುಣೆಗೆ ಬರವಿಲ್ಲ. ಅಪಘಾತವಾದರೆ ನೆರೆಯವರು ಓಡಿಬರುತ್ತಾರೆ, ಶಸ್ತ್ರಚಿಕಿತ್ಸೆಯೆಂದರೆ ಚರ್ಚಿನಲ್ಲಿ ಹಣ ಸಂಗ್ರಹವಾಗುತ್ತದೆ, ವಾಳೆಯ ಗುರಿಕಾರರು ಮನೆಮನೆಗೆ ಹೋಗುತ್ತಾರೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಬಳಿಕ, ಎರಡನೆಯ ತಿಂಗಳ, ಆರನೆಯ ತಿಂಗಳ, ಎರಡನೆಯ ವರ್ಷದ ಔಷಧದ ಚೀಟಿಯನ್ನು ಯಾರೂ ಕೇಳುವುದಿಲ್ಲ. ಆ ಚೀಟಿ ಅಡುಗೆಮನೆಯ ಡಬ್ಬಿಯ ಅಡಿಯಲ್ಲಿ ಮಡಚಿಕೊಂಡು ಕುಳಿತಿರುತ್ತದೆ. ಇಂದಿನ ಲೇಖನ ಆ ಚೀಟಿಯ ಕುರಿತಾದುದು.

ಎರಡು ಕಡೆಯಿಂದ ಹಿಂಡುವ ಕಾಯಿಲೆ

ಕಾಯಿಲೆಯು ದುಡಿಯುವ ಕುಟುಂಬವನ್ನು ಒಂದೇ ಕಾಲಕ್ಕೆ ಎರಡು ಕಡೆಯಿಂದ ಹಿಂಡುತ್ತದೆ. ಒಂದೆಡೆ ಸಂಬಳ ಕಡಿಮೆಯಾಗುತ್ತದೆ, ಇನ್ನೊಂದೆಡೆ ಹಿಂದಿಲ್ಲದ ಖರ್ಚು ಹುಟ್ಟಿಕೊಳ್ಳುತ್ತದೆ. ಗೇರುಬೀಜ ಕಾರ್ಖಾನೆಯಲ್ಲೋ ಮುದ್ರಣಾಲಯದಲ್ಲೋ ದಿನಕ್ಕೆ ಸರಾಸರಿ 500 ರೂಪಾಯಿ ಸಂಬಳ ಪಡೆಯುವ ತಾಯಿಯೊಬ್ಬಳನ್ನು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ವೈದ್ಯರು ಒಂದು ತಿಂಗಳ ವಿಶ್ರಾಂತಿ ಹೇಳಿದ್ದಾರೆ. ಆಕೆ ಇಎಸ್‌ಐ ವಿಮಾದಾರಳಾಗಿದ್ದು ಅರ್ಹತೆ ಹೊಂದಿದ್ದರೆ ಸರಾಸರಿ ಸಂಬಳದ ನೂರಕ್ಕೆ 70ರಷ್ಟು, ಅಂದರೆ ದಿನಕ್ಕೆ 350 ರೂಪಾಯಿ ಅನಾರೋಗ್ಯ ಭತ್ಯೆ ದೊರೆಯುತ್ತದೆ. ಮೊದಲ ಎರಡು ದಿನಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಉಳಿದ 28 ದಿನಗಳಿಗೆ 9,800 ರೂಪಾಯಿ. ಹದಿನೈದು ಸಾವಿರದಲ್ಲಿ ನಡೆಯುತ್ತಿದ್ದ ಮನೆ ಈಗ ಹತ್ತು ಸಾವಿರದೊಳಗೆ ನಡೆಯಬೇಕು. ಬಾಡಿಗೆ ಕಡಿಮೆಯಾಗುವುದಿಲ್ಲ, ಮಕ್ಕಳ ಶಾಲೆಯ ಶುಲ್ಕವೂ ಕಡಿಮೆಯಾಗುವುದಿಲ್ಲ.

ಇದರ ಮೇಲೆ ಔಷಧಕ್ಕೆಂದು ಹೊರಗಿನ ಅಂಗಡಿಯಲ್ಲಿ 1,500 ರೂಪಾಯಿ ತೆತ್ತರೆ ಉಳಿಯುವುದು 8,300 ಮಾತ್ರ. ಆಗ ಮನೆಯಲ್ಲಿ ಯಾವುದನ್ನು ಮೊದಲು ಬಿಡುತ್ತಾರೆ? ಮಕ್ಕಳ ಹಾಲನ್ನಲ್ಲ, ಅಕ್ಕಿಯನ್ನಲ್ಲ. ತಾಯಿ ತನ್ನ ಮಾತ್ರೆಯನ್ನು ಬಿಡುತ್ತಾಳೆ. ದಿನಕ್ಕೆ ಎರಡರ ಬದಲು ಒಂದು, ಬಳಿಕ ದಿನ ಬಿಟ್ಟು ದಿನ, ಕೊನೆಗೆ ‘ಈಗ ಪರವಾಗಿಲ್ಲ’ ಎಂಬ ಮಾತು. ರಕ್ತದೊತ್ತಡದ ಮಾತ್ರೆ ನಿಂತಾಗ ಹಲವರಿಗೆ ಕೂಡಲೇ ಏನೂ ಆದಂತೆ ತೋರುವುದಿಲ್ಲ. ಅಪಾಯವಿರುವುದು ಅದರಲ್ಲಿಯೇ. ಅಪಸ್ಮಾರ ಹಾಗೂ ಮಾನಸಿಕ ಕಾಯಿಲೆಗಳ ಔಷಧಗಳನ್ನು ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಿದರೆ ರೋಗ ಮರುಕಳಿಸುವುದು ಮಾತ್ರವಲ್ಲ, ಪ್ರಾಣಕ್ಕೂ ಸಂಚಕಾರ ಬರಬಹುದು. ಕ್ಷಯರೋಗದ ಔಷಧವನ್ನು ನಡುವೆ ಬಿಟ್ಟರೆ ರೋಗಾಣುಗಳು ಆ ಔಷಧಕ್ಕೆ ಬಗ್ಗದಂತಾಗಿ ಮನೆಯವರಿಗೂ ಹರಡಬಹುದು. ಉಳಿಸಿದ ಕೆಲವು ನೂರು ರೂಪಾಯಿಗಳಿಗೆ ಕುಟುಂಬ ತೆರುವ ಬೆಲೆ ಬಹಳ ದೊಡ್ಡದು.

ಕಾನೂನು ಕೊಟ್ಟಿರುವ ಹಕ್ಕು

ದುಃಖದ ಸಂಗತಿಯೆಂದರೆ, ಮೇಲೆ ಹೇಳಿದ ತಾಯಿ ಆ 1,500 ರೂಪಾಯಿಯನ್ನು ಕೊಡಬೇಕಾಗಿಯೇ ಇರಲಿಲ್ಲ. ಇಎಸ್‌ಐ ಎಂದು ನಾವೆಲ್ಲ ಕರೆಯುವ ಕಾರ್ಮಿಕರ ರಾಜ್ಯ ವಿಮಾ ಯೋಜನೆ 1948ರ ಕಾಯ್ದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರ ಹಾಗೂ ದೆಹಲಿಯಲ್ಲಿ ಆರಂಭವಾಯಿತು. 2025ರ ನವೆಂಬರ್ 21ರಿಂದ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಆಶ್ರಯದಲ್ಲಿ ಮುಂದುವರಿದಿದೆ. ಈ ಯೋಜನೆಯಲ್ಲಿ ಭತ್ಯೆ ಬೇರೆ, ಚಿಕಿತ್ಸೆ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಭತ್ಯೆಯು ನಷ್ಟವಾದ ಸಂಬಳಕ್ಕೆ ಪರಿಹಾರ. ವೈದ್ಯರ ಸಲಹೆ, ಪರೀಕ್ಷೆ, ಔಷಧ ಮತ್ತು ಆಸ್ಪತ್ರೆಯ ಚಿಕಿತ್ಸೆ ಅದರ ಹೊರತಾಗಿ ಉಚಿತವಾಗಿ ದೊರೆಯಬೇಕಾದವು. ಭತ್ಯೆಯ ಹಣದಿಂದಲೇ ಔಷಧ ಕೊಳ್ಳಬೇಕೆಂಬುದು ನಮ್ಮಲ್ಲಿ ಅನೇಕರ ತಪ್ಪು ಗ್ರಹಿಕೆ.

ಇದು ಧರ್ಮಕ್ಕೆ ಕೊಡುವ ವಸ್ತುವೂ ಅಲ್ಲ. 2019ರ ಜುಲೈ 1ರಿಂದ ಜಾರಿಯಾದ ದರದಂತೆ ಕಾರ್ಮಿಕನ ಸಂಬಳದಿಂದ ನೂರಕ್ಕೆ 0.75, ಮಾಲೀಕರಿಂದ 3.25 ವಂತಿಗೆ ಸಲ್ಲುತ್ತದೆ. 15,000 ರೂಪಾಯಿ ಸಂಬಳದವನ ಪಾಲು ತಿಂಗಳಿಗೆ ಸುಮಾರು 113 ರೂಪಾಯಿ, ಮಾಲೀಕರ ಪಾಲು ಸುಮಾರು 488. 2017ರ ಜನವರಿ 1ರಿಂದ ನಿಗದಿಯಾದ ಸಂಬಳದ ಮಿತಿ 21,000 ರೂಪಾಯಿ; ಅಂಗವಿಕಲ ಕಾರ್ಮಿಕರಿಗೆ ಅದು 25,000. ಕೆಲಸಕ್ಕೆ ಸೇರಿ ನೋಂದಣಿಯಾದ ಮೊದಲ ದಿನದಿಂದಲೇ ಚಿಕಿತ್ಸೆಯ ಹಕ್ಕು ಆರಂಭವಾಗುತ್ತದೆ, ಅವಲಂಬಿತ ಕುಟುಂಬಕ್ಕೂ ಅದು ಅನ್ವಯಿಸುತ್ತದೆ.

ಭತ್ಯೆಗೆ ಮಾತ್ರ ಬೇರೆ ನಿಯಮಗಳಿವೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಸಾಮಾನ್ಯ ಅನಾರೋಗ್ಯ ಭತ್ಯೆ ವರ್ಷಕ್ಕೆ ಗರಿಷ್ಠ 91 ದಿನ ದೊರೆಯುತ್ತದೆ. ಕ್ಷಯ, ಕುಷ್ಠ, ಅರ್ಬುದ, ಪಾರ್ಶ್ವವಾಯು, ತೀವ್ರ ಮಾನಸಿಕ ಕಾಯಿಲೆ ಮೊದಲಾದ 34 ದೀರ್ಘಕಾಲದ ರೋಗಗಳಿಗೆ, ಎರಡು ವರ್ಷಗಳ ಸೇವೆಯೂ ಸಾಕಷ್ಟು ವಂತಿಗೆಯೂ ಇದ್ದವರಿಗೆ, ನೂರಕ್ಕೆ 80ರ ದರದಲ್ಲಿ ಗರಿಷ್ಠ ಎರಡು ವರ್ಷಗಳವರೆಗೆ ವಿಸ್ತೃತ ಭತ್ಯೆ ಇದೆ. ಕೆಲಸದ ವೇಳೆ ಗಾಯಗೊಂಡವರಿಗೆ ಗುಣವಾಗುವವರೆಗೆ ಸಂಬಳದ ನೂರಕ್ಕೆ 90, ಶಾಶ್ವತವಾಗಿ ಅಂಗವಿಕಲರಾದರೆ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿತೆಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದಂತೆ ಮಾಸಿಕ ಹಣ. ಕೆಲಸದ ಗಾಯದಿಂದ ಶಾಶ್ವತವಾಗಿ ಅಂಗವಿಕಲರಾಗಿ ಕೆಲಸ ಬಿಟ್ಟವರೂ, ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರೂ ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಬಾಳಸಂಗಾತಿಗೂ ಚಿಕಿತ್ಸೆಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಲು ಅವಕಾಶವಿದೆ. ನಿವೃತ್ತರಾದ ಎಷ್ಟು ಮಂದಿ ಹಿರಿಯರಿಗೆ ಈ 120 ರೂಪಾಯಿಯ ವಿಷಯ ಗೊತ್ತಿದೆ?

ಹಕ್ಕಿದ್ದೂ ಹಣ ತೆರುವವರು

ಹಾಗಾದರೆ ಜನರು ಹಣ ಕೊಟ್ಟು ಔಷಧ ಕೊಳ್ಳುವುದೇಕೆ? ಕಾರಣಗಳು ಎಲ್ಲರಿಗೂ ಪರಿಚಿತವಾದವು. ಚಿಕಿತ್ಸಾಲಯ ದೂರವಿರುತ್ತದೆ, ಸಾಲು ಉದ್ದವಿರುತ್ತದೆ, ಬರೆದುಕೊಟ್ಟ ಔಷಧ ‘ಸ್ಟಾಕ್ ಇಲ್ಲ’ ಎಂಬ ಉತ್ತರ ಬರುತ್ತದೆ. ರೋಗಿ ಮರುಮಾತಿಲ್ಲದೆ ಹೊರಬಂದು ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾನೆ, ರಸೀತಿಯನ್ನೂ ಇಟ್ಟುಕೊಳ್ಳುವುದಿಲ್ಲ. ಇನ್ನು ಕೆಲವರು ‘ಪುಕ್ಕಟೆ ಮದ್ದು ನಾಟುವುದಿಲ್ಲ’ ಎಂದು ಖಾಸಗಿ ವೈದ್ಯರ ಬಳಿ ಹೋಗುತ್ತಾರೆ. ಇದರಿಂದ ಎರಡು ಬಗೆಯ ನಷ್ಟ. ಔಷಧದ ಹಣ ಕೈಬಿಡುತ್ತದೆ. ಇಎಸ್‌ಐ ವೈದ್ಯರ ಪ್ರಮಾಣಪತ್ರ ಇಲ್ಲದ ಕಾರಣ ಭತ್ಯೆಯೂ ಕೈತಪ್ಪುತ್ತದೆ. ಭತ್ಯೆ ಪಡೆಯುವ ಅವಧಿಯಲ್ಲಿ ಯೋಜನೆಯ ವೈದ್ಯರ ಚಿಕಿತ್ಸೆಯಲ್ಲಿ ಇರಬೇಕೆಂಬುದು ನಿಯಮ. ಚೀಟಿ ಬರೆದ ಚಿಕಿತ್ಸಾಲಯವೇ ಔಷಧದ ವ್ಯವಸ್ಥೆ ಮಾಡಬೇಕಾದುದು ನ್ಯಾಯ.

ಆದುದರಿಂದ ನಾಲ್ಕು ಮಾತುಗಳನ್ನು ಪ್ರತಿಯೊಂದು ಕುಟುಂಬವೂ ನೆನಪಿಡಬೇಕು. ಮೊದಲನೆಯದಾಗಿ, ಕಾಯಿಲೆ ಬಿದ್ದ ಕೂಡಲೇ ಚಿಕಿತ್ಸಾಲಯಕ್ಕೆ ಹೋಗಿ ಪ್ರಮಾಣಪತ್ರ ಪಡೆದು, ತಡಮಾಡದೆ ಸಲ್ಲಿಸಬೇಕು. ಎರಡನೆಯದಾಗಿ, ಔಷಧ ದಾಸ್ತಾನು ಇಲ್ಲದಿದ್ದರೆ ಸ್ಥಳೀಯವಾಗಿ ಖರೀದಿಸಿ ಕೊಡುವ ವ್ಯವಸ್ಥೆ ಇದೆಯೇ ಎಂದು ವೈದ್ಯಾಧಿಕಾರಿಯನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕು. ಮೂರನೆಯದಾಗಿ, ಅನಿವಾರ್ಯವಾಗಿ ಹೊರಗೆ ಕೊಂಡರೆ ಚೀಟಿಯ ಪ್ರತಿ ಹಾಗೂ ರಸೀತಿಯನ್ನು ಜೋಪಾನವಾಗಿಟ್ಟು, ಹಣ ಮರುಪಾವತಿಗೆ ಲಿಖಿತ ಅರ್ಜಿ ಕೊಡಬೇಕು. ನಾಲ್ಕನೆಯದಾಗಿ, ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರು ಗಾಳಿಯಲ್ಲಿ ಹೋಗುತ್ತದೆ, ಕಾಗದದ ದೂರಿಗೆ ಉತ್ತರ ಕೊಡಬೇಕಾಗುತ್ತದೆ.

ಯೋಜನೆಯ ಹೊರಗಿರುವವರು

ಇಎಸ್‌ಐ ಇರುವವರು ಇಷ್ಟಾದರೂ ಕೇಳಬಹುದು. ತೋಟದ ಕೂಲಿಗಳು, ಮನೆಗೆಲಸದ ಹೆಣ್ಣುಮಕ್ಕಳು, ಗಾರೆಯವರು, ಸ್ವಂತ ರಿಕ್ಷಾ ಓಡಿಸುವವರು ಮೊದಲಾದವರಿಗೆ ಅನಾರೋಗ್ಯ ಭತ್ಯೆ ಎಂಬುದೇ ಇಲ್ಲ. ಅವರ ಮನೆಯಲ್ಲಿ ಅಂಗವಿಕಲರಿದ್ದರೆ ಸರಕಾರದ ಮಾಸಾಶನ ಬರಬಹುದು. ಆದರೆ ಆ ಅಲ್ಪ ಮೊತ್ತದ ಬಹುಪಾಲು ಔಷಧದ ಅಂಗಡಿಗೇ ಹೋಗುವ ಮನೆಗಳು ಕಡಿಮೆಯಲ್ಲ.

ಇವರಿಗೂ ಕೆಲವು ಬಾಗಿಲುಗಳು ತೆರೆದಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೆಯ ಸೆಕ್ಷನ್ನು, ನಿಗದಿತ ಆದಾಯ ಮಿತಿಯೊಳಗಿನ ಅಂಗವಿಕಲರಿಗೆ ಸಲಕರಣೆ, ಔಷಧ ಹಾಗೂ ಪರೀಕ್ಷೆಗಳನ್ನು ಉಚಿತವಾಗಿ ಒದಗಿಸುವ ಯೋಜನೆಗಳನ್ನು ರೂಪಿಸುವಂತೆ ಸರಕಾರಗಳಿಗೆ ಹೇಳುತ್ತದೆ. ಅಂಗವಿಕಲರ ಸಾಮಾಜಿಕ ಭದ್ರತಾ ನೆರವು ಇತರರಿಗಿರುವ ಅಂತಹದೇ ನೆರವಿಗಿಂತ ಕನಿಷ್ಠ ನೂರಕ್ಕೆ 25ರಷ್ಟು ಹೆಚ್ಚಿರಬೇಕೆಂದೂ ಅದೇ ಸೆಕ್ಷನ್ನು ಸೂಚಿಸುತ್ತದೆ. 1999ರ ಕಾಯ್ದೆಯಂತೆ ಸ್ಥಾಪಿತವಾದ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯು ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ರಕ್ಷಣೆ ನೀಡುತ್ತದೆ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಹೊರರೋಗಿ ಚಿಕಿತ್ಸೆ ಮತ್ತು ಔಷಧಗಳೂ ಮಿತಿಗೊಳಪಟ್ಟು ಇದರಲ್ಲಿ ಸೇರಿವೆ ಎಂಬುದು ಗಮನಾರ್ಹ. ಕ್ಷಯರೋಗದ ಔಷಧಗಳು ಸರಕಾರಿ ಕಾರ್ಯಕ್ರಮದಲ್ಲಿ ಉಚಿತ. 2018ರ ಏಪ್ರಿಲಿನಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿದ್ದು, 2024ರ ನವೆಂಬರ್ 1ರಿಂದ ಅದನ್ನು 1,000 ರೂಪಾಯಿಗೆ ಏರಿಸಲಾಯಿತು. ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಬಹುದು. ಕೊಳ್ಳಲೇಬೇಕಾದ ಔಷಧಗಳನ್ನು ಬ್ರಾಂಡಿನ ಹೆಸರಿಗೆ ಬದಲಾಗಿ ಮೂಲ ಹೆಸರಿನಲ್ಲಿ ಬರೆದುಕೊಡುವಂತೆ ವೈದ್ಯರನ್ನು ಕೋರಿ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿದರೆ ಎಷ್ಟೋ ಬಾರಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ.

ಶ್ರೀಮಂತ ನಾಡಿನಲ್ಲೂ ಇದೇ ಪ್ರಶ್ನೆ

ನಮ್ಮ ಅನೇಕ ಮನೆಗಳ ದಾದಿಯರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವುದರಿಂದ ಆ ನಾಡಿನ ಸಂಗತಿಯನ್ನೂ ಹೇಳುವುದು ಉಚಿತ. 1948ರಲ್ಲಿ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಔಷಧ ಸಂಪೂರ್ಣ ಉಚಿತವಾಗಿತ್ತು. ಕೃತಕ ಹಲ್ಲು ಹಾಗೂ ಕನ್ನಡಕಗಳಿಗೆ ಶುಲ್ಕ ವಿಧಿಸುವ ನಿರ್ಧಾರವನ್ನು ಪ್ರತಿಭಟಿಸಿ, ಆ ಸೇವೆಯನ್ನು ಕಟ್ಟಿದ ಸಚಿವ ಅನ್ಯೂರಿನ್ ಬೆವನ್ 1951ರಲ್ಲಿ ರಾಜೀನಾಮೆಯಿತ್ತರು. 1952ರಲ್ಲಿ ಔಷಧದ ಚೀಟಿಗೂ ಶುಲ್ಕ ಬಂತು, 1965ರಲ್ಲಿ ಹೋಯಿತು, 1968ರಲ್ಲಿ ಮರಳಿ ಬಂತು. ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಶುಲ್ಕವನ್ನು ರದ್ದುಪಡಿಸಿದವು. ಇಂಗ್ಲೆಂಡಿನಲ್ಲಿ ಮಾತ್ರ ಅದು ಉಳಿಯಿತು. 2024ರ ಮೇ ತಿಂಗಳಲ್ಲಿ ಒಂದೊಂದು ಔಷಧಕ್ಕೆ 9.90 ಪೌಂಡ್ ಎಂದು ನಿಗದಿಯಾಯಿತು. ಬಡವರು, ಮಕ್ಕಳು, ವೃದ್ಧರು, ಕೆಲವು ರೋಗಗಳವರಿಗೆ ಅಲ್ಲಿ ವಿನಾಯಿತಿ ಉಂಟು. ಆದರೆ ಅಂಗವೈಕಲ್ಯದ ಭತ್ಯೆ ಬರುತ್ತಿದೆ ಎಂಬುದಷ್ಟೇ ಕಾರಣದಿಂದ ವಿನಾಯಿತಿ ಸಿಗುವುದಿಲ್ಲ. ಕಾಯಿಲೆಯವನಿಗೆ ಒಂದು ಕೈಯಿಂದ ಭತ್ಯೆ ಕೊಟ್ಟು ಇನ್ನೊಂದು ಕೈಯಿಂದ ಔಷಧದ ಬೆಲೆ ಪಡೆಯುವುದು ಸರಿಯೇ ಎಂಬ ಚರ್ಚೆ ಅಲ್ಲಿಯೂ ಮುಗಿದಿಲ್ಲ.

ಧರ್ಮಸಭೆಯ ನಿಲುವು

ಈ ಚರ್ಚೆಯಲ್ಲಿ ಧರ್ಮಸಭೆ ಮೌನವಾಗಿಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ತಮ್ಮ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ನ್ಯಾಯವಾದ ಸಂಬಳದ ಮಾತನ್ನಷ್ಟೇ ಆಡಲಿಲ್ಲ. ಅಪಘಾತ, ಕಾಯಿಲೆ, ಮುಪ್ಪಿನ ಕಾಲಕ್ಕೆ ನೆರವಾಗುವ ನಿಧಿಯನ್ನು ಕಾರ್ಮಿಕ ಸಂಘಗಳು ಹೊಂದಿರಬೇಕೆಂದೂ ಬಯಸಿದರು. 1981ರ ಸೆಪ್ಟೆಂಬರ್ 14ರಂದು ಜಗದ್ಗುರು ದ್ವಿತೀಯ ಜಾನ್ ಪಾಲರು ಹೊರಡಿಸಿದ ‘ಲಬೋರೆಮ್ ಎಕ್ಸೆರ್ಚೆನ್ಸ್’ ಇನ್ನೂ ಮುಂದೆ ಹೋಗಿ, ಕಾರ್ಮಿಕರಿಗೆ ವೈದ್ಯಕೀಯ ನೆರವು ಸುಲಭವಾಗಿ ಸಿಗಬೇಕು, ಸಾಧ್ಯವಿದ್ದಷ್ಟು ಕಡಿಮೆ ಬೆಲೆಗೆ ಅಥವಾ ಉಚಿತವಾಗಿಯೇ ಸಿಗಬೇಕು ಎಂದು ಬೋಧಿಸಿತು. ಅಂದಮೇಲೆ ಔಷಧವನ್ನು ಹಕ್ಕಾಗಿ ಕೇಳುವವನು ದುರಾಸೆಯವನಲ್ಲ, ಧರ್ಮಸಭೆಯ ಬೋಧನೆಯಂತೆ ನಡೆಯುವವನು.

ಪವಿತ್ರ ಗ್ರಂಥವೂ ಈ ನೋವನ್ನು ಬಲ್ಲದು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದುದೆಲ್ಲವನ್ನೂ ವೈದ್ಯರಿಗೆ ಸುರಿದು ಬರಿಗೈಯಾದ ಹೆಣ್ಣುಮಗಳನ್ನು ಸಂತ ಮಾರ್ಕನು ನಮ್ಮ ಮುಂದೆ ನಿಲ್ಲಿಸುತ್ತಾನೆ. ಸಿರಾಖ ಗ್ರಂಥದ 38ನೆಯ ಅಧ್ಯಾಯವು ಔಷಧವು ಭೂಮಿಯಿಂದ ದೇವರೇ ಉಂಟುಮಾಡಿದ ವರವೆಂದೂ, ವಿವೇಕಿಯು ಅದನ್ನು ತಾತ್ಸಾರ ಮಾಡುವುದಿಲ್ಲವೆಂದೂ ತಿಳಿಸುತ್ತದೆ. ಪ್ರಾರ್ಥನೆಯಿದ್ದರೆ ಮಾತ್ರೆ ಬೇಡವೆನ್ನುವವರು ಆ ಅಧ್ಯಾಯವನ್ನು ಒಮ್ಮೆ ಓದಬೇಕು. ಅಲ್ಲಿ ಪ್ರಾರ್ಥನೆಯೂ ವೈದ್ಯನೂ ಜೊತೆಯಾಗಿಯೇ ಇದ್ದಾರೆ.

ಕರಾವಳಿಯ ನಮಗೆ ಇದಕ್ಕೊಂದು ಹತ್ತಿರದ ನಿದರ್ಶನವೂ ಇದೆ. ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ್ದು ದೊಡ್ಡ ಆಸ್ಪತ್ರೆಯನ್ನಲ್ಲ. ಬಡವರಿಗೆ ಹೋಮಿಯೋಪಥಿ ಮದ್ದು ಕೊಡುವ ಒಂದು ಸಣ್ಣ ಔಷಧಾಲಯವನ್ನು. ಕಟ್ಟಡ ಬಂದದ್ದು ಆಮೇಲೆ.

ಧರ್ಮಕೇಂದ್ರ ಮಾಡಬಹುದಾದುದು

ಮೊದಲು ನಮ್ಮ ಮನೆಯನ್ನೇ ನೋಡಿಕೊಳ್ಳೋಣ. ನಮ್ಮ ಶಾಲೆ, ಆಸ್ಪತ್ರೆ, ವಸತಿನಿಲಯ, ಮುದ್ರಣಾಲಯಗಳಲ್ಲಿ ಆಯಾಗಳು, ಚಾಲಕರು, ಕಾವಲುಗಾರರು, ಅಡುಗೆಯವರು ದುಡಿಯುತ್ತಿದ್ದಾರೆ. ಕಾನೂನು ಅನ್ವಯಿಸುವ ಕಡೆಗಳಲ್ಲೆಲ್ಲ ಅವರ ಹೆಸರು ಇಎಸ್‌ಐಯಲ್ಲಿ ನೋಂದಣಿಯಾಗಿದೆಯೇ? ವಂತಿಗೆ ತಿಂಗಳು ತಿಂಗಳು ಸಲ್ಲುತ್ತಿದೆಯೇ? ನಮ್ಮಲ್ಲಿ ಅಂಗಡಿ, ಹೋಟೆಲು, ಕಾರ್ಖಾನೆ ನಡೆಸುವ ಸಮಾಜ ಬಾಂಧವರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಉಳಿಸಿದ 488 ರೂಪಾಯಿಯ ಫಲವಾಗಿ ಕೆಲಸದಾಕೆಯ ಮನೆಯಲ್ಲಿ ಮಾತ್ರೆ ನಿಂತರೆ, ಕ್ರಿಸ್ಮಸ್ಸಿಗೆ ಆಕೆಗೆ ಕೊಡುವ ಸೀರೆಯಿಂದ ಅದು ಸರಿಹೋಗದು.

ಎರಡನೆಯದು, ಅರಿವಿನ ಸೇವೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಜೀವಾಳವೇ ಬಡವರ ಮನೆಯ ಭೇಟಿ. ಆ ಭೇಟಿಯಲ್ಲಿ ಅಕ್ಕಿಯ ಜೊತೆಗೆ ‘ಔಷಧ ಸರಿಯಾಗಿ ಸಿಗುತ್ತಿದೆಯೇ, ಚೀಟಿ ತೋರಿಸುವಿರಾ?’ ಎಂಬ ಒಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು. ಬಡತನವನ್ನು ಹೇಳಿಕೊಳ್ಳಲು ನಾಚುವವರೂ ಚೀಟಿಯನ್ನು ತೋರಿಸಲು ನಾಚುವುದಿಲ್ಲ. ನಮ್ಮ ನಡುವೆ ನಿವೃತ್ತ ದಾದಿಯರು, ಔಷಧ ವ್ಯಾಪಾರಿಗಳು, ಕಚೇರಿಯ ಗುಮಾಸ್ತರು ಬೇಕಾದಷ್ಟು ಮಂದಿ ಇದ್ದಾರೆ. ತಿಂಗಳಿಗೊಂದು ಭಾನುವಾರ, ಬಲಿಪೂಜೆಯ ಬಳಿಕ ಒಂದು ಗಂಟೆ ಚರ್ಚಿನ ಸಭಾಂಗಣದಲ್ಲಿ ಕುಳಿತು ಅರ್ಜಿ ತುಂಬಿಸಿಕೊಟ್ಟರೆ ಅದು ದೊಡ್ಡ ಸೇವೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ನೆರೆಯವರಿಗೆ ಹಂಚುವುದನ್ನು ಮಾತ್ರ ಯಾರೂ ಮಾಡಬಾರದು. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾದೀತು.

ಮೂರನೆಯದು, ಒಂದು ಸಣ್ಣ ನಿಧಿ. ಹಕ್ಕಿನ ಹಣ ಬರುವುದು ತಡವಾಗುತ್ತದೆ, ಮಾತ್ರೆ ಇಂದೇ ಬೇಕಾಗುತ್ತದೆ. ಆ ನಡುವಿನ ಹದಿನೈದು ದಿನ, ಒಂದು ತಿಂಗಳಿಗೆ ಔಷಧದಂಗಡಿಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆಯನ್ನು ಧರ್ಮಕೇಂದ್ರವೊಂದು ಮಾಡಬಲ್ಲುದು. ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದ್ ಮಾತೆಯ ಹಬ್ಬದ ದಿನ, ವಿಶ್ವ ರೋಗಿಗಳ ದಿನವನ್ನು ನಾವು ಆಚರಿಸುತ್ತೇವೆ. ದ್ವಿತೀಯ ಜಾನ್ ಪಾಲರು 1992ರಲ್ಲಿ ಘೋಷಿಸಿದ ಈ ದಿನ 1993ರಲ್ಲಿ ಮೊದಲ ಬಾರಿಗೆ ನಡೆಯಿತು. ಅಂದಿನ ಕಾಣಿಕೆಯನ್ನು ಈ ನಿಧಿಗೆ ಮೀಸಲಿಟ್ಟರೆ ರೋಗಿಗಳ ಮೇಲೆ ಕೈಯಿರಿಸಿ ಮಾಡುವ ಪ್ರಾರ್ಥನೆಗೆ ಅರ್ಥಪೂರ್ಣವಾದ ಆಧಾರ ದೊರೆಯುವುದು. ದೇಹಕ್ಕೆ ಬೇಕಾದುದನ್ನು ಕೊಡದೆ ಸಮಾಧಾನದಿಂದ ಹೋಗಿರಿ ಎಂದಷ್ಟೇ ಹೇಳುವುದರಿಂದ ಏನು ಪ್ರಯೋಜನವೆಂದು ಸಂತ ಯಕೋಬನು ತನ್ನ ಪತ್ರದಲ್ಲಿ ಕೇಳಿದ್ದಾನೆ.

ಔಷಧದ ಚೀಟಿಯ ಹಣ ಯಾರು ಕೊಡಬೇಕು? ವಂತಿಗೆ ಪಡೆದ ಯೋಜನೆ ಕೊಡಬೇಕು, ಕಾನೂನು ಮಾಡಿದ ಸರಕಾರ ಕೊಡಬೇಕು, ದುಡಿಸಿಕೊಂಡ ಮಾಲೀಕ ತನ್ನ ಪಾಲನ್ನು ಕೊಡಬೇಕು. ಅವರು ಕೊಡುವವರೆಗೆ ರೋಗಿಯು ಮಾತ್ರೆಯಿಲ್ಲದೆ ಕಾಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಸಮಾರಿಯದವನು ಛತ್ರದ ಬಾಗಿಲಲ್ಲಿ ನಿಂತು ಮುಂದಿನ ಲೆಕ್ಕ ತನ್ನದೆಂದು ಮಾತು ಕೊಟ್ಟು ಹೋದನು. ಈ ವಾರ ನಮ್ಮ ವಾಳೆಯಲ್ಲಿ ಕಾಯಿಲೆಯಿಂದ ಮನೆಯಲ್ಲಿರುವ ಒಬ್ಬರನ್ನಾದರೂ ಕಂಡು, ಅವರ ಡಬ್ಬಿಯ ಅಡಿಯಲ್ಲಿರುವ ಆ ಚೀಟಿಯನ್ನು ಕೇಳಿ ನೋಡೋಣ.